ಡ್ರಮ್ಮಿಗೂ ಒಂದು ಸಿಂಬಿ

ತೊಂಬತ್ತು ತತ್ತಿ ಟ್ರೇ ಹೊತ್ತುಕೊಂಡು ಧಾರವಾಡದ ಮಾಳಮಡ್ಡಿಯ ಮನೆಯೊಂದರ ಮೆಟ್ಟಿಲು ಹತ್ತುವುದು ಸುಲಭ ಅಲ್ಲ. ಟ್ರೇಗಳು ಭಾರ ಅಂತಲ್ಲ, ರದ್ದಿ ಕಾಗದದಷ್ಟೇ ತೂಕ. ಕೆಳಗೆ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದ ಮಾಲೀಕರ ತಾಯಿಯನ್ನು ದಾಟಿ ಹೋಗಬೇಕಿತ್ತು. ಮನೆ ಬಾಡಿಗೆಗೆ ಕೊಡುವಾಗ ಅವರ ಮೊದಲ ಷರತ್ತೇ ಶುದ್ಧ ಶಾಖಾಹಾರ.

"ಇದೇನ್ ತಮ್ಮಾ! ಇಷ್ಟು ತತ್ತಿ ಒಬ್ಬನ ತಿಂತೀಯೇನು?"

"ಇಲ್ರೀ ಕಾಕು, ಖಾಲಿ ಟ್ರೇ. ಗ್ವಾಡಿಗೆ ಹಚ್ಚಲಿಕ್ಕೆ. ಡ್ರಮ್ಮಿನ ಸಪ್ಪಳ ಹೊರಗ ಬರಬಾರದು ಅಂತ."

"ಗ್ವಾಡಿಗೆ ತತ್ತಿ ಟ್ರೇ?" ಅಂದರು. ಬತ್ತಿ ಹೊಸೆಯುವ ಕೈ ನಿಂತಿತ್ತು. ನಾನು ಇನ್ನೂ ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಹಿಂದಿನಿಂದ ಮಾತು ಬಂತು. "ವಾಸನಿ ಇಲ್ಲಲ್ಲಾ?"

ಇದು ಮೂರು ವರ್ಷದ ಹಿಂದಿನ ಮಾತು. ಗದಗಿನಲ್ಲಿ ಆರ್ಕೆಸ್ಟ್ರಾ ನಡೆಸುತ್ತಿದ್ದವರೊಬ್ಬರು ಅಂಗಡಿ ಮುಚ್ಚುವಾಗ ಅವರ ಹಳೆಯ ಡ್ರಮ್ ಸೆಟ್ ಹದಿನಾಲ್ಕು ಸಾವಿರಕ್ಕೆ ನನ್ನ ಪಾಲಿಗೆ ಬಂದಿತ್ತು. ಕಾಲೇಜಿನಲ್ಲಿ ಎರಡು ವರ್ಷ ಬಾರಿಸಿದ್ದೆ. ಆಮೇಲೆ ಕೆಲಸ, ದಿನಾ ಹುಬ್ಬಳ್ಳಿಗೆ ಓಡಾಟ, ಎಲ್ಲ ಬಿಟ್ಟುಹೋಗಿತ್ತು. ಮೂವತ್ತೆಂಟಕ್ಕೆ ಮತ್ತೆ ಕೋಲು ಹಿಡಿಯುವ ಹುಚ್ಚು. ಮಹಡಿಯ ಮೇಲಿನ ಹತ್ತು-ಹನ್ನೊಂದರ ಕೋಣೆ, ಕೆಳಗೆ ಎಪ್ಪತ್ತು ದಾಟಿದ ಕಾಕು. ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲರೂ ಒಂದೇ ಮಂತ್ರ ಹೇಳುತ್ತಾರೆ: ತತ್ತಿ ಟ್ರೇ ಹಚ್ಚಿ, ಅಗ್ಗ.

ಅಗ್ಗ ನಿಜ. ಟ್ರೇಗೆ ಎರಡು ರೂಪಾಯಿ, ಮೇಲೆ ಒಂದು ಡಬ್ಬಿ ಫೆವಿಕಾಲ್. ಒಂದು ಟ್ರೇ ಸುಮಾರು ಒಂದು ಅಡಿ ಚೌಕ, ತೊಂಬತ್ತು ಟ್ರೇಗೆ ಒಂದು ಗೋಡೆ ಪೂರ್ತಿ ಮುಚ್ಚಿತು. ಕೋಣೆಯ ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಮೊದಲು ಚಪ್ಪಾಳೆಗೆ ಒಂದು ಬಾಲ ಇರುತ್ತಿತ್ತು, ಈಗ ಆ ಬಾಲ ಮೊಂಡಾಗಿತ್ತು. ಗೆದ್ದೆ ಅನ್ನಿಸಿತು. ಅರ್ಧ ತಾಸು ಮನಸ್ಸು ತುಂಬಾ ಬಾರಿಸಿದೆ.

ಬಾಗಿಲು ಬಡಿದ ಸದ್ದು ಯಾವಾಗ ಶುರುವಾಗಿತ್ತೋ ಗೊತ್ತಿಲ್ಲ. ತೆರೆದರೆ ಕಾಕು. ಮಂಡಿ ನೋವಿನ ಆ ಹೆಂಗಸು ಹದಿನೆಂಟು ಮೆಟ್ಟಿಲು ಹತ್ತಿ ಬಂದಿದ್ದರು.

"ತಮ್ಮಾ, ಸಪ್ಪಳ ಇರಲಿ. ನನ್ನ ಮಂಚ ಅಳ್ಳಾಡಲಿಕ್ಕತ್ತದ."

ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ವಯಸ್ಸಾದವರು ಸ್ವಲ್ಪ ಜಾಸ್ತಿ ಮಾಡಿ ಹೇಳುತ್ತಾರೆ ಅಂದುಕೊಂಡೆ. ಉಳಿದ ಮೂರು ಗೋಡೆಗೂ ಟ್ರೇ ಹಚ್ಚಿದರೆ ಸರಿಹೋದೀತು ಅಂತ ಮತ್ತೆ ಟ್ರೇ ತರಲು ಹೊರಟಿದ್ದೆ. ಹಾಗೆ ಮಾಡಿದ್ದರೆ ದುಡ್ಡೂ ಹೋಗುತ್ತಿತ್ತು, ಕೋಣೆ ಒಣ ಕಾಗದದ ಗೂಡಾಗಿ ಒಂದು ಕಿಡಿಗೆ ಕಾಯುತ್ತಿತ್ತು. ಫ್ಯಾನಿನ ರೆಗ್ಯುಲೇಟರ್ ಆಗಾಗ ಚಿಟಿಚಿಟಿ ಅನ್ನುವ ಕೋಣೆ ಅದು.

ನನ್ನನ್ನು ಉಳಿಸಿದ್ದು ಅಕ್ಕನ ಮಗ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಭಾನುವಾರ ಊಟಕ್ಕೆ ಬರುತ್ತಾನೆ. "ಮಾಮಾ, ಟ್ರೇ ಇರೋದು ಕೋಣಿ ಒಳಗಿನ ಪ್ರತಿಧ್ವನಿ ಕಡಿಮಿ ಮಾಡಲಿಕ್ಕೆ. ಹೊರಗ ಹೋಗೋದನ್ನ ಅದು ತಡಿಯೂದಿಲ್ಲ" ಅಂದ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ಉತ್ತರದ ಹಾಗೆ. ನನಗೆ ಸಿಟ್ಟು ಬಂತು. ಆದರೆ ಹುಡುಗ ಹೇಳಿದ್ದು ಸರಿ ಇತ್ತು.

ಲೆಕ್ಕ ಹೀಗಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಡ್ರಮ್ ಸೆಟ್ಟಿನ ಲೋಹದ ತಾಟು ಸಿಂಬಲ್; ಅದರ ಚುಂಯ್ ಅನ್ನುವ ಸದ್ದಿನಲ್ಲಿ ಸೆಕೆಂಡಿಗೆ 5000 ಸಲ ಕಂಪಿಸುವ, ಅಂದರೆ 5000 ಹರ್ಟ್ಜ್‌ನ ಅಲೆ ಇದ್ದರೆ ಅದರ ಉದ್ದ ಏಳು ಸೆಂಟಿಮೀಟರ್. ಎರಡು ಇಂಚಿನ ಟ್ರೇ ಅದನ್ನು ಸ್ವಲ್ಪ ನುಂಗುತ್ತದೆ. ಕಾಲಿನಿಂದ ಹೊಡೆಯುವ ದೊಡ್ಡ ಬಾಸ್ ಡ್ರಮ್ಮಿನ ಧಿಮ್ ಅನ್ನುವ 50 ಹರ್ಟ್ಜ್ ಅಲೆಯ ಉದ್ದ ಸುಮಾರು ಏಳು ಮೀಟರ್. ನನ್ನ ಕೋಣೆಗಿಂತ ಎರಡು ಪಟ್ಟು. ಆ ಅಲೆಗೆ ತತ್ತಿ ಟ್ರೇ ಇದೆ ಅಂತಲೂ ಗೊತ್ತಾಗುವುದಿಲ್ಲ.

ಇಷ್ಟು ತಿಳಿದ ಮೇಲೂ ಕಾಕು ಅವರ ಮಂಚದ ಮಾತು ಬಗೆಹರಿದಿರಲಿಲ್ಲ. ಅಕ್ಕನ ಮಗನಿಗೆ ಕೋಲು ಕೊಟ್ಟು, "ನೀ ಬಾರಿಸ್ತಾ ಇರು" ಅಂತ ಹೇಳಿ ಕೆಳಗೆ ಇಳಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಡ್ರಮ್ ಬಾರಿಸುವವರು ಯಾರೂ ತಮ್ಮ ಡ್ರಮ್ಮನ್ನು ಪಕ್ಕದ ಮನೆಯಲ್ಲಿ ಕೂತು ಕೇಳುವುದಿಲ್ಲ. ಹೇಗೆ ಕೇಳಬೇಕು ಹೇಳಿ, ಬಾರಿಸುವವರೇ ನಾವು.

ಕಾಕು ಒಳಗೆ ಕರೆದರು. ಪಡಸಾಲೆಯಲ್ಲಿ ಸಾಗವಾನಿಯ ಹಳೆಯ ಮಂಚ, ಅದರ ಮೇಲೆ ಅವರದೇ ಕೈಯ ಕೌದಿ. "ಕೂಡು" ಅಂದರು. ಕೂತೆ.

ಸಿಂಬಲ್ ಸದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸ್ನೇರ್, ಅಂದರೆ ಟಕ್ ಅನ್ನುವ ಸಣ್ಣ ಡ್ರಮ್ಮಿನ ಹೊಡೆತ ಕಿಟಕಿಯ ಕಡೆಯಿಂದ ಬರುತ್ತಿತ್ತು, ಓಣಿಯಲ್ಲಿ ಯಾರೋ ಕಪಾಟು ರಿಪೇರಿ ಮಾಡುವ ಹಾಗೆ. ಆದರೆ ಹುಡುಗ ಕಾಲಿನ ಪೆಡಲ್ ಒತ್ತಿದಾಗಲೆಲ್ಲ ಏನೋ ಒಂದು ಮಂಚದ ಕಾಲಿನಿಂದ ಹತ್ತಿ ನನ್ನ ತೊಡೆಗೆ ತಾಗುತ್ತಿತ್ತು. ಕಿವಿಗೆ ಅಲ್ಲ, ತೊಡೆಗೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ತಾಟುಗಳು ಜುಂಯ್ ಅನ್ನುತ್ತಿದ್ದವು. ಗೋಡೆಗೆ ಅಂಗೈ ಇಟ್ಟೆ. ಗೋಡೆಯಲ್ಲೂ ಅದೇ.

ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿಕೊಂಡಿದ್ದೆ. ಅದು 44 ತೋರಿಸಿತು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬೆಲ್, ಆಮೇಲೆ 45. ಅಂದರೆ ಕಾಗದದ ಮೇಲೆ ನಾನು ನಿರಪರಾಧಿ! ಆಮೇಲೆ ಗೊತ್ತಾಯಿತು, ಆ ನಿಯಮದ ಅಂಕಿಯೂ ಇಂಥ ಹೆಚ್ಚಿನ ಆ್ಯಪ್‌ಗಳ ಅಂಕಿಯೂ 'ಎ' ತೂಕದ ಡೆಸಿಬೆಲ್. ಮನುಷ್ಯನ ಕಿವಿಗೆ ತಗ್ಗಿನ ಸದ್ದು, ಅಂದರೆ ಧಿಮ್ ಥರದ ಕಡಿಮೆ ಹರ್ಟ್ಜ್ ಸದ್ದು, ಕಡಿಮೆ ಕೇಳುತ್ತದೆ ಅಂತ ಅದರಲ್ಲಿ ತಗ್ಗಿನ ಸದ್ದನ್ನು ಕಡಿತ ಮಾಡಿ ಎಣಿಸುತ್ತಾರೆ. 50 ಹರ್ಟ್ಜ್‌ನಲ್ಲಿ ಆ ಕಡಿತ ಸುಮಾರು 30 ಡೆಸಿಬೆಲ್. ನನ್ನ ಧಿಮ್ ಅಷ್ಟೂ ಅಲ್ಲಿ ಮಾಫಿ ಆಗಿತ್ತು. ಮಂಚ ಮಾಫಿ ಮಾಡಿರಲಿಲ್ಲ. ಅವತ್ತಿನಿಂದ ಆ್ಯಪ್ ತೆಗೆದುಹಾಕಿದೆ. ಅಳೆಯಬೇಕಾದಾಗ ಮಂಚದ ಮೇಲೆ ಕೂರುತ್ತೇನೆ.

ಸದ್ದು ಇಳಿಯುವುದಕ್ಕೆ ಎರಡು ದಾರಿ. ಒಂದು ಗಾಳಿಯದು: ಕಿಟಕಿ, ಬಾಗಿಲ ಸಂದಿ, ಗಾಳಿಕಿಂಡಿ. ಇನ್ನೊಂದು ಮನೆಯದೇ ಮೈ. ಪೆಡಲ್ಲಿನ ಹೊಡೆತ ಡ್ರಮ್ಮಿನ ಕಾಲಿನಿಂದ ಸ್ಲ್ಯಾಬಿಗೆ, ಸ್ಲ್ಯಾಬಿನಿಂದ ಗೋಡೆಗೆ, ಗೋಡೆಯಿಂದ ಕಾಕು ಅವರ ನೆಲಕ್ಕೆ ಹೋಗುತ್ತದೆ. ಕಾಂಕ್ರೀಟು ಈ ನಡುಕವನ್ನು ತುಂಬಾ ಪ್ರಾಮಾಣಿಕವಾಗಿ ಮುಟ್ಟಿಸುತ್ತದೆ. ಗೋಡೆಗೆ ಏನು ಮೆತ್ತಿದರೂ ಈ ಎರಡನೇ ದಾರಿಗೆ ಸಂಬಂಧವೇ ಇಲ್ಲ. ಎಲೆಕ್ಟ್ರಾನಿಕ್ ಡ್ರಮ್ ತಗೊಂಡು ಹೆಡ್‌ಫೋನ್ ಹಾಕಿಕೊಂಡವರೂ ಇಲ್ಲೇ ಸಿಕ್ಕಿಬೀಳುತ್ತಾರೆ. ಅವರಿಗೆ ಏನೂ ಕೇಳಿಸದ ಕೋಣೆಯಿಂದ ಕೆಳಗಿನವರಿಗೆ ಧಪ್ ಧಪ್ ಇಳಿಯುತ್ತಿರುತ್ತದೆ.

ಇದನ್ನೆಲ್ಲ ಕಾಕುಗೆ ನನಗೆ ತಿಳಿದ ಹಾಗೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟು, "ಅದಕ್ಕ ಸಿಂಬಿ ಇಟ್ಟೀಯೇನು?" ಅಂತ ಕೇಳಿದರು.

"ಏನ್ರೀ?"

"ಸಿಂಬಿನೋ. ನಮ್ಮ ಮನಿಯವರು ತಬಲಾ ನೆಲದ ಮ್ಯಾಲೆ ಹಂಗ ಇಡತಿದ್ದಿಲ್ಲ. ಅರಿವಿ ಸಿಂಬಿ ಮ್ಯಾಲೆ ಇಡತಿದ್ರು. ನೀ ನೋಡಿದ್ರ ಇಷ್ಟು ದೊಡ್ಡ ನಗಾರಿ ನೆಲಕ್ಕ ಕುಂಡ್ರಿಸಿ ಒದೀಲಿಕ್ಕತ್ತೀ."

ಅವರ ಯಜಮಾನರು ಭಜನೆಗೆ ತಬಲಾ ಹಿಡಿಯುತ್ತಿದ್ದವರಂತೆ. ಗೋಡೆಯ ಮೇಲಿನ ಫೋಟೋ ನೋಡಿದ್ದೆ, ತಬಲಾದ ವಿಷಯ ಗೊತ್ತಿರಲಿಲ್ಲ. ನೀರಿನ ಕೊಡ ಹೊರುವಾಗ ತಲೆಗೆ ಇಡುತ್ತಾರಲ್ಲ, ಅದೇ ಸಿಂಬಿ. ತಬಲಾ ಅಳ್ಳಾಡದ ಹಾಗೆ ಕೂರಿಸುತ್ತದೆ, ನೆಲಕ್ಕೂ ಅದಕ್ಕೂ ನೇರ ಸಂಬಂಧ ತಪ್ಪಿಸುತ್ತದೆ.

ಜಗತ್ತಿನ ಡ್ರಮ್ಮರುಗಳು ಮಾಡಿಕೊಳ್ಳುವ ಸಿಂಬಿಗೆ ಟೆನಿಸ್ ಬಾಲ್ ಬೇಕು. ಎರಡು ಪ್ಲೈವುಡ್ ಹಲಗೆ, ನಡುವೆ ಟೆನಿಸ್ ಚೆಂಡುಗಳು, ಮೇಲೆ ಇಡೀ ಡ್ರಮ್ ಸೆಟ್ಟು ಮತ್ತು ಬಾರಿಸುವವನು. ಚೆಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಹೊಸ ಪ್ಲೈವುಡ್ಡಿನ ಬೆಲೆ ಕೇಳಿ ವಾಪಸು ಬಂದೆ. ಕಟ್ಟಡದ ಗುತ್ತಿಗೆದಾರರು ಬಳಸಿ ಬಿಟ್ಟ ಸೆಂಟ್ರಿಂಗ್ ಪ್ಲೈ ಅಗ್ಗಕ್ಕೆ ಸಿಗುತ್ತದೆ, ಸಿಮೆಂಟ್ ಕಲೆ ಇದ್ದರೆ ಏನಂತೆ. ಚೆಂಡಿಗೆ ನಮ್ಮ ಓಣಿಯ ಹುಡುಗರನ್ನು ಹಿಡಿದೆ. ಕ್ರಿಕೆಟ್ ಆಡಿ ಕೂದಲು ಉದುರಿದ ಚೆಂಡುಗಳು ಒಬ್ಬೊಬ್ಬರ ಮನೆಯಲ್ಲೂ ಇದ್ದವು. ಎರಡು ಹೊಸ ಚೆಂಡು ಕೊಟ್ಟು ನಲವತ್ತು ಹಳೆಯವು ತಗೊಂಡೆ. ಪೂರ್ತಿ ಸತ್ತ ಚೆಂಡು ಬೇಡ, ಒತ್ತಿದರೆ ವಾಪಸು ಬರಬೇಕು.

ಬಡಿಗೇರ ಮಾಮಾ ಕೆಳಗಿನ ಹಲಗೆಗೆ ಎರಡಿಂಚಿನ ತೂತು ಕೊರೆಯುತ್ತ ಮೂರು ಸಲ ಕೇಳಿದರು, "ಇದು ಏನಕ್ಕ?" ಅಂತ. ಮೂರು ಸಲವೂ ನನ್ನ ಉತ್ತರ ಅವರಿಗೆ ನಂಬಿಕೆ ಬರಲಿಲ್ಲ. ಚೆಂಡು ತೂತಿನಲ್ಲಿ ಅರೆಬರೆ ಕೂರಬೇಕು, ಒಳಗೆ ಬೀಳಬಾರದು. ಟೆನಿಸ್ ಬಾಲ್ ಆರೂವರೆ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ ಇರುತ್ತದೆ, ಎರಡಿಂಚು ಸರಿಹೋಯಿತು. ಮೇಲಿನ ಹಲಗೆ ಎರಡು ಪದರ, ಜೋಡಣೆ ಒಂದರ ಮೇಲೊಂದು ಬರದ ಹಾಗೆ ಅಡ್ಡ-ಉದ್ದ ಹಾಕಿದ್ದು. ಆರು ಅಡಿಗೆ ಐದು ಅಡಿ.

ಮೊದಲು ತಪ್ಪಿದೆ. ನಲವತ್ತೂ ಚೆಂಡು ಹಾಕಿದ್ದೆ, ಜಾಸ್ತಿ ಇದ್ದರೆ ಒಳ್ಳೇದು ಅಂತ. ಕಾಕು ಮಂಚದ ಮೇಲೆ ಕೂತು, "ಹಂಗ ಅದನೋ" ಅಂದರು. ಚೆಂಡು ಜಾಸ್ತಿಯಾದಷ್ಟೂ ಹಲಗೆ ಗಡುಸಾಗುತ್ತದೆ, ನೆಲದ ಹಾಗೇ ಆಗುತ್ತದೆ. ಇಂಥ ತೇಲುವ ಹಲಗೆಗೆ ತನ್ನದೇ ಒಂದು ತೂಗಾಟದ ವೇಗ ಇರುತ್ತದೆ, ಸೆಕೆಂಡಿಗೆ ಇಷ್ಟು ಸಲ ಅಂತ. ಆ ವೇಗ ತಗ್ಗಿದಷ್ಟೂ ಒಳ್ಳೇದು. ಡ್ರಮ್ಮಿನ ಧಿಮ್ಮಿನ ಹರ್ಟ್ಜ್ ಅದರ 1.4 ಪಟ್ಟಿಗಿಂತ ಮೇಲಿದ್ದರೆ ಮಾತ್ರ ನಡುಕ ಕೆಳಗೆ ಇಳಿಯುವುದು ಕಡಿಮೆಯಾಗುತ್ತದೆ. ಹಾಗಾಗಿ ಮೆತ್ತಗಿನ ಸ್ಪ್ರಿಂಗು ಬೇಕು, ಮೇಲೆ ಭಾರ ಬೇಕು. ಚೆಂಡು ಇಪ್ಪತ್ನಾಲ್ಕಕ್ಕೆ ಇಳಿಸಿದೆ, ಮೇಲೆ ಇನ್ನೊಂದು ಪದರ ಪ್ಲೈ ಹಾಕಿದೆ. ಹತ್ತಿ ನಿಂತರೆ ದೋಣಿಯ ಹಾಗೆ ಸಣ್ಣಗೆ ತೂಗುತ್ತಿತ್ತು. ಅವತ್ತು ಹುಡುಗ ಬಾರಿಸುವಾಗ ಮಂಚದ ಮೇಲೆ ಕೂತ ನನಗೆ ಏನೂ ತಾಗಲಿಲ್ಲ. ಸುಮ್ನೆ ಹೇಳುತ್ತಿಲ್ಲ, ಹುಡುಗ ನಿಲ್ಲಿಸಿದ್ದಾನೋ ಏನೋ ಅಂತ ಮೇಲೆ ಹೋಗಿ ನೋಡಿ ಬಂದೆ. ತಾಟುಗಳು ಮಾತ್ರ ಯಾವಾಗಲಾದರೂ ಒಮ್ಮೆ ಜುಂಯ್ ಅನ್ನುತ್ತಿದ್ದವು. ಒಂದು ಕಡೆ ಹಲಗೆಯ ಮೂಲೆ ಗೋಡೆಗೆ ತಾಗಿತ್ತು. ನಾಲ್ಕು ಬೆರಳು ಈಚೆ ಎಳೆದೆ, ಅದೂ ನಿಂತಿತು. ಎಲ್ಲೂ ಗೋಡೆಗೆ ತಾಗಬಾರದು, ಒಂದು ಮೊಳೆಯಷ್ಟು ತಾಗಿದರೂ ದಾರಿ ತೆರೆದ ಹಾಗೆ.

ಇನ್ನು ಗಾಳಿಯ ದಾರಿ. ನಮ್ಮದು ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆ ಗಾರೆ. ಅಂಥ ಗೋಡೆ ತಾನೇ 50 ಡೆಸಿಬೆಲ್ ಹತ್ತಿರ ತಡೆಯುತ್ತದೆ. ಅದಕ್ಕೆ ನಾವು ಏನೂ ಮಾಡಬೇಕಿಲ್ಲ. ಹಾಗಿದ್ದೂ ಓಣಿಗೆಲ್ಲ ಕೇಳುತ್ತಿತ್ತಲ್ಲ, ಯಾಕೆ? ನೂರು ಚದರ ಅಡಿ ಗೋಡೆಯಲ್ಲಿ ಒಂದು ಚದರ ಅಡಿ ತೂತು ಇದ್ದರೆ, ಗೋಡೆ ಎಷ್ಟೇ ಗಟ್ಟಿ ಇದ್ದರೂ ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ. ನಮ್ಮ ಬಾಗಿಲ ಮೇಲಿನ ಗಾಳಿಕಿಂಡಿ ಅಷ್ಟೇ ಇತ್ತು, ಒಂದು ಅಡಿಗೆ ಒಂದು ಅಡಿ. ನಾನು ಟ್ರೇ ಹಚ್ಚುವಾಗ ಅದರ ಕೆಳಗೇ ಸ್ಟೂಲ್ ಇಟ್ಟು ನಿಂತಿದ್ದೆ.

ಗಾಳಿಕಿಂಡಿಗೂ ಕಿಟಕಿಗೂ ಉಳಿದ ಪ್ಲೈನಲ್ಲಿ ಮುಚ್ಚಳ ಮಾಡಿದೆ. ಎರಡು ಹಲಗೆ, ನಡುವೆ ಹಳೆಯ ಗಾದಿಯ ಹತ್ತಿ, ಅಂಚಿಗೆ ಸುತ್ತಲೂ ಸೈಕಲ್ ಟ್ಯೂಬಿನ ಪಟ್ಟಿ. ಬಾರಿಸುವಾಗ ಒತ್ತಿ ಕೂರಿಸುವುದು, ಆಮೇಲೆ ತೆಗೆದಿಡುವುದು. ಬಾಡಿಗೆ ಮನೆ, ಒಂದು ಮೊಳೆಯನ್ನೂ ಹೊಡೆದಿಲ್ಲ. ಬಾಗಿಲ ಕೆಳಗಿನ ಸಂದಿಗೂ ಅದೇ ಟ್ಯೂಬು. ಹೀಗೆ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುತ್ತದೆ, ಅದನ್ನು ಮರೆಯಬೇಡಿ. ಎಪ್ರಿಲ್‌ನಲ್ಲಿ ಇಪ್ಪತ್ತು ನಿಮಿಷ ಆದ ಮೇಲೆ ನಾನು ಮುಚ್ಚಳ ತೆಗೆದು ಹೊರಗೆ ಬಂದು ಕೂರುತ್ತೇನೆ.

ಗೆಳೆಯನೊಬ್ಬ ಗೋಡೆಗುಂಟ ಉಸುಕಿನ ಚೀಲ ಪೇರಿಸು ಅಂದ. ಸದ್ದಿಗೆ ಭಾರ ಬೇಕು ಅನ್ನುವುದು ನಿಜ. ತಡೆಯ ಭಾರ ಎರಡರಷ್ಟು ಮಾಡಿದರೆ ಐದಾರು ಡೆಸಿಬೆಲ್ ಕಡಿಮೆಯಾಗುತ್ತದೆ. ಆದರೆ ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ಐವತ್ತು ಕಿಲೋದ ಆರು ಚೀಲ ಒಂದರ ಮೇಲೊಂದು ಇಟ್ಟರೆ ಅರ್ಧ ಚದರ ಮೀಟರಿನಲ್ಲೇ 300 ಕಿಲೋ. ಕಾಕು ಅವರ ತಲೆಯ ಮೇಲೆ. ಬೇಡ.

ಭಾರ ಅಂದರೆ ನಮ್ಮ ಅಜ್ಜಿಯ ಮನೆ. ಗದಗಿನ ಕಡೆಯ ಹಳ್ಳಿ, ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಭಜನೆಯ ದಪ್ಪು ಬಾರಿಸಿದರೆ ಅಂಗಳಕ್ಕೆ ಬರುವಷ್ಟರಲ್ಲಿ ಪಿಸುಮಾತಾಗುತ್ತಿತ್ತು. ಮಾಳಿಗೆ ಹತ್ತಿ ಬೆಳಕಿಂಡಿಗೆ ಕಿವಿ ಇಟ್ಟರೆ ಮಾತ್ರ ಎಲ್ಲವೂ ಸ್ಪಷ್ಟ. ಹುಡುಗರು ನಾವು ದೊಡ್ಡವರ ಜಗಳ ಕೇಳುತ್ತಿದ್ದದ್ದು ಅಲ್ಲಿಂದಲೇ. ಗೋಡೆ ಮತ್ತು ತೂತಿನ ಪಾಠ ಆಗಲೇ ಆಗಿತ್ತು, ನನಗೆ ನೆನಪಾಗಲಿಲ್ಲ ಅಷ್ಟೆ. ಜೋಳ ತುಂಬುತ್ತಿದ್ದ ನೆಲದಡಿಯ ಹಗೇವು ಈಗ ಖಾಲಿ ಬಿದ್ದಿದೆ. ಅದರೊಳಗೆ ಡ್ರಮ್ ಇಳಿಸಿದರೆ ಹೇಗೆ ಅಂತ ಒಂದು ರಾತ್ರಿ ಯೋಚಿಸಿದ್ದುಂಟು. ಹಗೇವಿನಲ್ಲಿ ಉಸಿರುಗಟ್ಟಿ ಸತ್ತವರ ಕತೆಗಳನ್ನು ಅಜ್ಜಿ ಹೇಳಿದ್ದಳು, ಆ ಯೋಚನೆ ಅಲ್ಲಿಗೇ ಬಿಟ್ಟೆ.

ಟ್ರೇ ಕಿತ್ತ ಜಾಗದಲ್ಲಿ ಈಗ ಕೌದಿಗಳಿವೆ. ಅಡ್ಡ ಹಗ್ಗಕ್ಕೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಳಿಬಿಟ್ಟಿದ್ದೇನೆ. ಹಿಂದೆ ಗಾಳಿಗೆ ಜಾಗ ಇದ್ದರೆ ಅವು ಇನ್ನೂ ತಗ್ಗಿನ ಸದ್ದನ್ನೂ ಸ್ವಲ್ಪ ನುಂಗುತ್ತವೆ. ಇದು ಪಕ್ಕದ ಮನೆಯವರಿಗಲ್ಲ, ನನ್ನ ಕಿವಿಗೆ. ಸಣ್ಣ ಕೋಣೆಯಲ್ಲಿ ಡ್ರಮ್ 100 ಡೆಸಿಬೆಲ್ ಸುಲಭವಾಗಿ ದಾಟುತ್ತದೆ. 85ಕ್ಕೆ ದಿನಕ್ಕೆ ಎಂಟು ತಾಸು ಸೈ ಅನ್ನುವ ಲೆಕ್ಕದಲ್ಲಿ, ಪ್ರತಿ ಮೂರು ಡೆಸಿಬೆಲ್ ಏರಿದಾಗ ಹೊತ್ತು ಅರ್ಧ ಮಾಡುತ್ತ ಹೋದರೆ, 100ಕ್ಕೆ ಕಾಲು ತಾಸು ಅಷ್ಟೇ ಉಳಿಯುತ್ತದೆ. ಔಷಧಿ ಅಂಗಡಿಯ ಫೋಮ್ ಇಯರ್‌ಪ್ಲಗ್ ಇಪ್ಪತ್ತು ರೂಪಾಯಿ. ಇಡೀ ಪ್ರಕರಣದಲ್ಲಿ ಅದಕ್ಕಿಂತ ಅಗ್ಗದ್ದು ಏನೂ ಇರಲಿಲ್ಲ, ನಾನು ಅದನ್ನೇ ಕೊನೆಗೆ ತಗೊಂಡೆ.

ಮೂಲದಲ್ಲೇ ಸದ್ದು ಕಡಿಮೆ ಮಾಡುವ ದಾರಿಗಳೂ ಇವೆ. ಬಾಸ್ ಡ್ರಮ್ಮಿನೊಳಗೆ ಹಳೆಯ ರಗ್ಗು, ಟಾಮ್ ಅನ್ನುವ ನಡುಗಾತ್ರದ ಡ್ರಮ್ಮುಗಳ ಮೇಲೆ ಟವೆಲ್, ದುಡ್ಡಿದ್ದರೆ ಡ್ರಮ್ಮಿನ ಮುಖಕ್ಕೆ ಜಾಳಿಗೆಯ ಮೆಶ್ ಹೆಡ್, ತೂತು ತೂತಿನ ಸಣ್ಣ ಸದ್ದಿನ ಸಿಂಬಲ್. ಟವೆಲ್ ಹಾಕಿ ಬಾರಿಸುವುದು ನನಗೆ ಸೇರುವುದಿಲ್ಲ, ಉಪ್ಪಿಲ್ಲದ ಸಾರು. ಬೆಳಗಿನ ಅಭ್ಯಾಸಕ್ಕೆ ನಡೆಯುತ್ತದೆ.

ಒಂದು ಸಣ್ಣ ಹೊಟ್ಟೆಕಿಚ್ಚು ಹೇಳಿಬಿಡುತ್ತೇನೆ. ಇದು ಮಲ್ಲಿಕಾರ್ಜುನ ಮನ್ಸೂರರ ಊರು. ಆಚೆ ಹುಬ್ಬಳ್ಳಿ ಗಂಗೂಬಾಯಿ ಹಾನಗಲ್ಲರದು. ನಮ್ಮ ಓಣಿಯಲ್ಲಿ ಬೆಳಗ್ಗೆ ಯಾರಾದರೂ ತಂಬೂರಿ ಹಿಡಿದು ಕೂತರೆ ಜನ ಕಿಟಕಿ ತೆರೆಯುತ್ತಾರೆ. ನಾನು ಕೂತರೆ ಕಿಟಕಿಗೆ ಗಾದಿ ತುರುಕಬೇಕು. ಹೋಳಿಗೆ ಹುಬ್ಬಳ್ಳಿಯಲ್ಲಿ ಜಗ್ಗಲಗಿ ಹೊರಬಂದರೆ, ಗಾಡಿಯ ಗಾಲಿಯಷ್ಟು ದೊಡ್ಡ ಆ ವಾದ್ಯಕ್ಕೆ ಇಡೀ ಓಣಿಯ ಎದೆ ನಡುಗುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಇದನ್ನು ಕಾಕು ಮುಂದೆ ಆಡಿದೆ. "ಹೋಳಿ ವರ್ಷಕ್ಕ ಒಮ್ಮೆ ಬರತದ ತಮ್ಮಾ. ನೀ ದಿನಾ ಬರತೀ" ಅಂದರು.

ಹೊತ್ತು ನಿಗದಿ ಮಾಡಿದ್ದೂ ಅವರೇ. ಸಂಜೆ ಐದರಿಂದ ಆರು, ದೀಪ ಹಚ್ಚುವ ಮುಂಚೆ ಬಂದ್. ಗುರುವಾರ ಇಲ್ಲ. ಎಲ್ಲ ಸೇರಿ ಖರ್ಚು ಐದು ಸಾವಿರದ ಒಳಗೇ ಮುಗಿಯಿತು, ಬಡಿಗೇರ ಮಾಮಾನ ಕೂಲಿ ಹಿಡಿದು.

ಕಳೆದ ವಾರ ನೀರಿನ ಮೋಟರ್ ಹಚ್ಚಲು ಕೆಳಗೆ ಇಳಿದಿದ್ದೆ. ಕಾಕು ಕಟ್ಟೆಯ ಮೇಲಿದ್ದರು.

"ತಮ್ಮಾ, ನಿನ್ನೆ ಏನೋ ಹೊಸಾದು ಬಾರಿಸಿದಿ."

"ಹೌದ್ರಿ. ಏಳು ಮಾತ್ರೆದ್ದು. ಕೇಳಿಸ್ತೇನ್ರಿ? ಮಂಚ ಅಳ್ಳಾಡ್ತೇನು?"

"ಮಂಚ ಇಲ್ಲ. ಸಣ್ಣ ಸಪ್ಪಳ, ಟಕ್ ಟಕ್ ಅಂತ. ನಾಲ್ಕನೇದಕ್ಕ ಅವಸರ ಮಾಡತಿ ನೋಡು. ಮೂರು ಸಲ ಅಲ್ಲೇ ಜಾರಿದಿ."

ಅವರು ಬೆರಳ ಗೆಣ್ಣಿನ ಮೇಲೆ ಎಣಿಸಿ ತೋರಿಸಿದರು. ಸರಿಯಾಗಿಯೇ ಹೇಳಿದ್ದರು. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ: ಕಿಟಕಿ ಮುಚ್ಚಿದೆ, ಕಿಂಡಿ ಮುಚ್ಚಿದೆ, ಬಾಗಿಲಿಗೆ ಟ್ಯೂಬು ಇದೆ, ಹಾಗಾದರೆ ಸ್ನೇರ್ ಎಲ್ಲಿಂದ ಇಳಿಯಿತು? ಕೋಣೆಗೆ ಅಂಟಿಕೊಂಡಿರುವ ಬಚ್ಚಲಿನ ಪೈಪು ನೇರ ಅವರ ಪಡಸಾಲೆಯ ಮೂಲೆಯಲ್ಲಿ ಇಳಿಯುತ್ತದೆ, ಅದರ ಸುತ್ತ ಗಾರೆ ಬಿಟ್ಟಿದೆ. ಭಾನುವಾರ ಒಂದು ಹಿಡಿ ಸಿಮೆಂಟ್ ಕಲಸಬೇಕು. ಕಾಕುಗೆ ಇನ್ನೂ ಹೇಳಿಲ್ಲ.